ಬರಲಿರುವ ವಿಶೇಷಾಂಕದಲ್ಲಿ ರುದ್ರಪಟ್ಟಣ ಯಾವ ಪುಟದಲ್ಲಿರುತ್ತದೆ?

ರಾಮನವಮಿ ಹತ್ತಿರವಾಗುತ್ತಿದ್ದಂತೆ ಸಂಗೀತ ಪತ್ರಿಕೆಗಳ ವಿಶೇಷಾಂಕದ ಪ್ರಕಟಣೆಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಲು ಶುರುವಾಗುತ್ತವೆ. ಮೇಲೆ ‘ನಿರೀಕ್ಷಿಸಿ’ ಎಂದು ಒಂದು ಸಾಲು, ಕೆಳಗೆ ತಂಬೂರಿ, ಅದರ ಪಕ್ಕ ಒಂದು ದೀಪ. ಒಳಗೆ ಏನಿರುತ್ತದೆ ಎಂದು ಬರೆದಿರುವುದಿಲ್ಲ. ಬರೆಯುವ ಅಗತ್ಯವೂ ಇಲ್ಲ. ನಾಲ್ಕೈದು ವರ್ಷ ಓದಿದ ಯಾರಾದರೂ ಕಣ್ಣು ಮುಚ್ಚಿಕೊಂಡು ಹೇಳಬಹುದು.

ಮುಖಪುಟದಲ್ಲಿ ಶಾಲು ಹೊದ್ದ ಹಿರಿಯ ವಿದ್ವಾಂಸರು. ಸಂಪಾದಕೀಯದಲ್ಲಿ ಹುಡುಗರು ಕಛೇರಿಗೆ ಬರುತ್ತಿಲ್ಲವೆಂಬ ವ್ಯಥೆ. ಸಂದರ್ಶನದ ಮೊದಲ ಪ್ರಶ್ನೆ, ತಮಗೆ ಸಂಗೀತದಲ್ಲಿ ಆಸಕ್ತಿ ಹುಟ್ಟಿದ್ದು ಹೇಗೆ. ಚೆನ್ನೈನ ಡಿಸೆಂಬರ್ ಉತ್ಸವದ ತಂಗಳು ವರದಿ. ಎಂಟು ಹತ್ತು ಕಛೇರಿ ವಿಮರ್ಶೆ. ಎಲ್ಲದರಲ್ಲೂ ಕಲ್ಯಾಣಿ ವಿಸ್ತಾರವಾಗಿರುತ್ತದೆ, ತೋಡಿ ಗಂಭೀರವಾಗಿರುತ್ತದೆ, ಪಕ್ಕವಾದ್ಯದವರು ಸಮರ್ಥವಾಗಿ ಸಹಕರಿಸಿರುತ್ತಾರೆ. ಸಮರ್ಥವಾಗಿ ಸಹಕರಿಸದ ಮೃದಂಗ ವಾದಕರೊಬ್ಬರು ಕರ್ನಾಟಕದಲ್ಲಿ ಇನ್ನೂ ಹುಟ್ಟಿಲ್ಲ ಎಂದೇ ಈ ವಿಮರ್ಶೆಗಳನ್ನು ಓದಿದವರು ತಿಳಿಯಬೇಕು. ಅಮೆರಿಕದ ಯಾವುದೋ ಊರಿನ ತ್ಯಾಗರಾಜ ಆರಾಧನೆಯ ಬಣ್ಣದ ಚಿತ್ರ. ರೇಷ್ಮೆ ಸೀರೆ ಅಂಗಡಿಯ ಜಾಹೀರಾತು, ಸಹಕಾರಿ ಬ್ಯಾಂಕಿನ ಶುಭಾಶಯ. ಕೊನೆಗೆ ಎರಡು ಶ್ರದ್ಧಾಂಜಲಿ.

ಇವುಗಳ ನಡುವೆ ಎಲ್ಲೋ ಒಂದು ಪುಟ ನಮ್ಮ ಕಡೆಗೂ ಸಿಗುತ್ತದೆ. ‘ಸಂಗೀತ ಗ್ರಾಮ ರುದ್ರಪಟ್ಟಣ’. ತಂಬೂರಿಯ ಆಕಾರದಲ್ಲಿ ಕಟ್ಟಿರುವ ಸಪ್ತಸ್ವರ ದೇವತಾ ಧ್ಯಾನಮಂದಿರದ ಫೋಟೋ, ಹಿಂದೆ ತೆಂಗಿನ ಮರ, ಕಾವೇರಿ. ಆರುನೂರು ಪದ. ಮನೆಮನೆಯಲ್ಲೂ ಸಂಗೀತವಿತ್ತಂತೆ, ಊರಿನ ಗಾಳಿಯಲ್ಲೇ ಶ್ರುತಿಯಿದೆಯಂತೆ. ಇಂಥ ಪುಟವನ್ನು ನಾನು ಎಷ್ಟು ಬಾರಿ ಓದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಓದಿ ಮುಗಿಸಿದ ಮೇಲೆ ಅರಕಲಗೂಡು ತಾಲ್ಲೂಕಿನವನಾದ ನನಗೆ ಒಂದು ಪ್ರಶ್ನೆ ಉಳಿಯುತ್ತದೆ: ಈ ಊರಿನಲ್ಲಿ ಈಗ ಯಾರಿದ್ದಾರೆ?

ಸಂಗೀತ ಪತ್ರಿಕೆಗಳನ್ನು ಗೇಲಿ ಮಾಡಿ ಕೈತೊಳೆದುಕೊಳ್ಳಲು ಇದನ್ನು ಬರೆಯುತ್ತಿಲ್ಲ. ಅವು ಬೇಕು. ದಿನಪತ್ರಿಕೆಗಳು ಕಛೇರಿ ವಿಮರ್ಶೆಗೆ ಕೊಡುತ್ತಿದ್ದ ಜಾಗವನ್ನು ವರ್ಷದಿಂದ ವರ್ಷಕ್ಕೆ ಕಿತ್ತುಕೊಂಡಿವೆ. ಬಡಾವಣೆಯ ಸಭೆಯೊಂದರಲ್ಲಿ ನಲವತ್ತು ಜನರ ಮುಂದೆ ಹಾಡಿದ ಹುಡುಗಿಯ ಹೆಸರು ಅಚ್ಚಿನಲ್ಲಿ ಉಳಿಯುವುದು ಈ ಪತ್ರಿಕೆಗಳಲ್ಲೇ. 1983ರಲ್ಲಿ ಎನ್. ಪಟ್ಟಾಭಿರಾಮನ್ ಚೆನ್ನೈಯಲ್ಲಿ ‘ಶ್ರುತಿ’ ಶುರು ಮಾಡಿದರು. ಶಾಸ್ತ್ರೀಯ ಸಂಗೀತದ ಬಗ್ಗೆಯೂ ಹಣ, ರಾಜಕೀಯ, ಜಗಳ ಎಲ್ಲವನ್ನೂ ಸೇರಿಸಿ ಪತ್ರಕರ್ತರ ಹಾಗೆ ಬರೆಯಬಹುದು ಎಂಬುದಕ್ಕೆ ಆ ಇಂಗ್ಲಿಷ್ ಮಾಸಿಕ ದಾರಿ ತೋರಿತು. ಹಾಥರಸಿನ ಹಿಂದಿ ಪತ್ರಿಕೆ ‘ಸಂಗೀತ’ 1935ರಷ್ಟು ಹಳೆಯದು. ಕನ್ನಡದಲ್ಲಿ ಸಂಗೀತಕ್ಕೇ ಮೀಸಲಾದ ಪತ್ರಿಕೆ ನಡೆಸುವವರು ಮನೆಯ ದುಡ್ಡು ಹಾಕಿ, ಚಂದಾದಾರರಿಗೆ ಫೋನ್ ಮಾಡಿ ಮಾಡಿ ನಡೆಸುತ್ತಾರೆ. ಅದಕ್ಕೇ ಅವರ ಮೇಲೆ ನನಗೆ ಹಕ್ಕಿನ ಸಿಟ್ಟು. ಇಷ್ಟು ಕಷ್ಟಪಟ್ಟು ತರುವ ಸಂಚಿಕೆಯಲ್ಲಿ ರುದ್ರಪಟ್ಟಣ ಬರೀ ಫೋಟೋ ಆಗಿ ಉಳಿಯುವುದೇಕೆ?

ಒಂದು ಅಕ್ಷರದಿಂದ ಶುರು ಮಾಡೋಣ. ‘ಆರ್’. ಆರ್.ಕೆ. ಶ್ರೀಕಂಠನ್, ಅವರ ಅಣ್ಣ ಪಿಟೀಲಿನ ಆರ್.ಕೆ. ವೆಂಕಟರಾಮ ಶಾಸ್ತ್ರಿ, ಆರ್.ಕೆ. ರಾಮನಾಥನ್, ಇಪ್ಪತ್ತನಾಲ್ಕು ತಂತಿಯ ವೀಣೆ ನುಡಿಸುತ್ತಿದ್ದ ಆರ್.ಎಸ್. ಕೇಶವಮೂರ್ತಿ, ರುದ್ರಪಟ್ಟಣ ಸಹೋದರರೆಂದೇ ಹೆಸರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್, ಧ್ಯಾನಮಂದಿರವನ್ನು ಕಟ್ಟಿಸಿದ ಆರ್.ಕೆ. ಪದ್ಮನಾಭ. ಈ ಎಲ್ಲ ಹೆಸರುಗಳ ಮೊದಲ ಅಕ್ಷರ ಒಂದು ಊರು. ಸಂಗೀತ ಪತ್ರಿಕೆಯೊಂದು ಆ ಊರನ್ನು ವರ್ಷಕ್ಕೆ ನೂರಾರು ಸಲ ಅಚ್ಚು ಹಾಕುತ್ತದೆ, ಒಂದು ಚುಕ್ಕೆಯ ಹಿಂದೆ. ಚೆನ್ನೈಯವರು ಕೆಲವೊಮ್ಮೆ ಬಿಡಿಸಿ ಬರೆದರೂ ಕೊನೆಗೊಂದು ಮಕಾರ ಸೇರಿಸಿ ‘ರುದ್ರಪಟ್ಣಂ’ ಮಾಡುತ್ತಾರೆ. ನಮ್ಮ ಕಡೆಯ ಬಸ್ ಕಂಡಕ್ಟರ್ ಬಾಯಲ್ಲಿ ಅದು ‘ರುದ್ರಪಟ್ನ, ರುದ್ರಪಟ್ನ’.

ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಒಬ್ಬ ಹೆಣ್ಣುಮಗಳೂ ಇಲ್ಲ. ಅದೇ ಮನೆಗಳಲ್ಲಿ ಅಕ್ಕತಂಗಿಯರಿದ್ದರು, ಅತ್ತೆ ಸೊಸೆಯರಿದ್ದರು. ಮದುವೆಯಲ್ಲಿ ಸಂಪ್ರದಾಯದ ಹಾಡು, ಸಂಜೆ ದೇವರನಾಮ, ಹಸೆಗೆ ಕರೆಯುವಾಗ ಒಂದು, ಆರತಿ ಎತ್ತುವಾಗ ಒಂದು ಹಾಡುತ್ತಿದ್ದವರು ಅವರೇ. ಮಗ ಅಪ್ಪನಿಂದ ಸರಳೆವರಸೆ ಕಲಿಯುವ ಮೊದಲೇ ಅಮ್ಮನ ಬಾಯಲ್ಲಿ ಶ್ರುತಿ ಕೇಳಿರುತ್ತಾನೆ. ಆದರೆ ಹೆಣ್ಣು ಮದುವೆಯಾದರೆ ಇನಿಶಿಯಲ್ಲೇ ಬದಲಾಗುತ್ತದೆ. ರುದ್ರಪಟ್ಟಣದಲ್ಲಿ ಹುಟ್ಟಿ ಬೆಟ್ಟದಪುರಕ್ಕೋ ಮೈಸೂರಿಗೋ ಹೋದವಳ ಹೆಸರಿನಲ್ಲಿ ‘ಆರ್’ ಉಳಿಯುವುದಿಲ್ಲ. ಇನಿಶಿಯಲ್ ನೋಡಿ ಊರಿನ ಸಂಗೀತದ ಚರಿತ್ರೆ ಬರೆದರೆ ಅರ್ಧ ಊರು ಬಿಟ್ಟೇ ಹೋಗುತ್ತದೆ. ಬರಲಿರುವ ಸಂಚಿಕೆಯಲ್ಲಿ ನಾನು ನಿರೀಕ್ಷಿಸುವ ಮೊದಲ ಲೇಖನ ಇದು: ಈ ಮನೆಗಳ ಎಂಬತ್ತು ದಾಟಿದ ಹೆಣ್ಣುಮಕ್ಕಳನ್ನು ಹುಡುಕಿ, ಅವರು ಹಾಡುವ ಸಂಕೇತಿ ಹಾಡುಗಳನ್ನು, ದೇವರನಾಮಗಳನ್ನು ರೆಕಾರ್ಡ್ ಮಾಡಿ, ಯಾರಿಂದ ಕಲಿತಿರಿ ಎಂದು ಕೇಳಿ ಬರೆದದ್ದು. ಈ ಕೆಲಸವನ್ನು ಮುಂದಿನ ವರ್ಷಕ್ಕೆ ಎಂದು ಎತ್ತಿಡುವ ಹಾಗಿಲ್ಲ. ಕಾರಣ ಹೇಳಬೇಕಿಲ್ಲ.

ಎರಡನೆಯದು, ಹೋದವರು ಯಾಕೆ ಹೋದರು ಎಂಬುದು.

1920ರಲ್ಲಿ ಹಾಸನ ಜಿಲ್ಲೆಯಲ್ಲಿ ಇಬ್ಬರು ಹುಡುಗರು ಹುಟ್ಟಿದರು. ಜನವರಿಯಲ್ಲಿ ರುದ್ರಪಟ್ಟಣದಲ್ಲಿ ಶ್ರೀಕಂಠನ್. ಆಗಸ್ಟಿನಲ್ಲಿ ಗದ್ದವಳ್ಳಿಯಲ್ಲಿ ವೀಣೆಯ ವಿ. ದೊರೆಸ್ವಾಮಿ ಅಯ್ಯಂಗಾರ್. ಇಬ್ಬರೂ ಮುಂದೆ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿಗಳಾದರು. ದೊರೆಸ್ವಾಮಿ ಅಯ್ಯಂಗಾರರು 1984ರಲ್ಲಿ, ಶ್ರೀಕಂಠನ್ 1995ರಲ್ಲಿ. ಒಂದೇ ವರ್ಷ ಒಂದೇ ಜಿಲ್ಲೆಯಲ್ಲಿ ಹುಟ್ಟಿದ ಇಬ್ಬರಿಗೆ ಆ ಬಿರುದು ಬಂದದ್ದು ಸಣ್ಣ ಮಾತಲ್ಲ. ಆದರೆ ಜಿಲ್ಲೆಯ ಹೊರಗಿರಲಿ, ಹಾಸನದ ಕಾಲೇಜಿನಲ್ಲೇ ಕೇಳಿ ನೋಡಿ, ಎಷ್ಟು ಜನರಿಗೆ ಗೊತ್ತಿದೆ ಎಂದು. ಇಬ್ಬರ ಜನ್ಮಶತಮಾನೋತ್ಸವದ ವರ್ಷ 2020. ಆ ವರ್ಷ ಸಭಾಂಗಣಗಳಿಗೆ ಬೀಗ ಬಿದ್ದಿತ್ತು. ಮಾಡಬೇಕೆಂದುಕೊಂಡಿದ್ದ ಕಾರ್ಯಕ್ರಮಗಳು ಫೋನಿನ ಪರದೆಗೆ ಇಳಿದವು.

ಇಬ್ಬರೂ ಬೆಳೆದದ್ದು ಮೈಸೂರಿನಲ್ಲಿ. ಅಲ್ಲಿ ಅರಮನೆಯಿತ್ತು, ಬಿಡಾರಂ ಕೃಷ್ಣಪ್ಪನವರ ರಾಮಮಂದಿರವಿತ್ತು, ಪಿಟೀಲು ಚೌಡಯ್ಯನವರಿದ್ದರು, ವಾಸುದೇವಾಚಾರ್ಯರಿದ್ದರು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆಲ್ಲ ಹಬ್ಬಿದ್ದು ಅಲ್ಲಿಂದ. ಅರಮನೆಯ ಆಶ್ರಯ ಕರಗಿ ಹೋಗುತ್ತಿದ್ದ ಹೊತ್ತಿಗೆ ಸಂಗೀತಗಾರನಿಗೆ ತಿಂಗಳ ಸಂಬಳ ಕೊಡುವ ಹೊಸ ಯಜಮಾನನಾಗಿ ರೇಡಿಯೋ ಬಂತು. ಶ್ರೀಕಂಠನ್ ಮೊದಲು ಮೈಸೂರು, ಆಮೇಲೆ ಬೆಂಗಳೂರು ಆಕಾಶವಾಣಿಯಲ್ಲಿ ದಶಕಗಳ ಕಾಲ ಕೆಲಸ ಮಾಡಿದರು. ಅವರು ರೇಡಿಯೋದಲ್ಲಿ ಹೇಳಿಕೊಟ್ಟ ಸಂಗೀತ ಪಾಠವನ್ನು ಕೇಳಿ ಕಲಿತವರು ಕರ್ನಾಟಕದ ಮೂಲೆಮೂಲೆಯಲ್ಲಿದ್ದಾರೆ. ಬೆಂಗಳೂರಿನಲ್ಲಿ 1905ರ ಗಾಯನ ಸಮಾಜ, 1939ರಿಂದ ಚಾಮರಾಜಪೇಟೆಯ ರಾಮಸೇವಾ ಮಂಡಲಿಯ ರಾಮನವಮಿ ಕಛೇರಿಗಳು. ಹಾಡುವವರಿಗೆ ನಗರದಲ್ಲಿ ಕಿವಿ ಇತ್ತು, ಕೂಲಿ ಇತ್ತು, ಮಕ್ಕಳಿಗೆ ಸ್ಕೂಲೂ ಇತ್ತು. ಹೋಗದೇ ಇರಲು ಕಾರಣವೇ ಇರಲಿಲ್ಲ.

ಇಷ್ಟನ್ನು ಪತ್ರಿಕೆಗಳು ಅಲ್ಲಲ್ಲಿ ಬರೆದಿವೆ. ಬರೆಯದೇ ಬಿಟ್ಟದ್ದು ನೆಲದ ಮಾತು. ರುದ್ರಪಟ್ಟಣ ಕಾವೇರಿ ದಡದ ಊರು, ಗದ್ದೆ ತೋಟದ ಸೀಮೆ. ದಿನಕ್ಕೆ ನಾಲ್ಕು ಗಂಟೆ ಸಾಧನೆಗೆ ಕೂರುವವನ ಅನ್ನ ಎಲ್ಲಿಂದ ಬರುತ್ತಿತ್ತು? ನಾಟಿ ಹಾಕುವವರು, ಕಳೆ ಕೀಳುವವರು ಯಾರು? ನಮ್ಮ ಸೀಮೆಯ ಅಗ್ರಹಾರಗಳಲ್ಲಿ ಜಮೀನು ಗೇಣಿಗೆ ಕೊಡುವುದು ರೂಢಿಯಾಗಿತ್ತು. 1974ರ ಮಾರ್ಚಿನಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದು, ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತಾಗ ಅಗ್ರಹಾರಗಳ ಲೆಕ್ಕಾಚಾರವೇ ಬದಲಾಯಿತು. ಉಳುವವನಿಗೆ ನೆಲ ಸಿಕ್ಕಿತು. ಅದು ಆಗಲೇಬೇಕಿದ್ದ ಕೆಲಸ, ಅದರಲ್ಲಿ ನನಗೆ ಅನುಮಾನವಿಲ್ಲ. ಅದೇ ಹೊತ್ತಿಗೆ ಅಗ್ರಹಾರದ ಬೀದಿಗಳು ಬೇಗ ಬೇಗ ಖಾಲಿಯಾದವು. ಈ ಎರಡನ್ನೂ ಒಟ್ಟಿಗಿಟ್ಟು, ಯಾರ ಮನಸ್ಸಿಗೂ ಚುಚ್ಚುವ ಉದ್ದೇಶವಿಲ್ಲದೆ, ದಾಖಲೆ ನೋಡಿ ಬರೆದ ಲೇಖನ ಸಂಗೀತ ಪತ್ರಿಕೆಯಲ್ಲೇ ಬರಬೇಕು. ಅರಕಲಗೂಡು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ನಾಲ್ಕು ದಿನ ಕೂರಬೇಕಾಗುತ್ತದೆ, ಅಷ್ಟೆ. ಸಂಗೀತದ ಬಗ್ಗೆ ಬರೆಯುವವರು ತಾಲ್ಲೂಕು ಕಚೇರಿಗೆ ಹೋಗುವುದಿಲ್ಲ, ತಾಲ್ಲೂಕು ಕಚೇರಿಯ ಸುದ್ದಿ ಬರೆಯುವ ನಾವು ಸಂಗೀತದ ಬಗ್ಗೆ ಬರೆಯುವುದಿಲ್ಲ. ನಮ್ಮ ಕಡೆಯಿಂದ ಸುದ್ದಿ ಎಂದರೆ ರಾಮನಾಥಪುರದ ಹೊಗೆಸೊಪ್ಪು ಹರಾಜಿನ ದರ, ಆಲೂಗಡ್ಡೆಗೆ ಅಂಗಮಾರಿ, ಆಲೂರು ಸಕಲೇಶಪುರದ ಕಾಡಾನೆ.

ನೆಲದ ಮಾತು ಬಂದ ಮೇಲೆ ಜಾತಿಯ ಮಾತೂ ಬಂದೇ ಬರುತ್ತದೆ. 2024ರ ಮಾರ್ಚಿನಲ್ಲಿ ಮ್ಯೂಸಿಕ್ ಅಕಾಡೆಮಿ ಟಿ.ಎಂ. ಕೃಷ್ಣ ಅವರಿಗೆ ಸಂಗೀತ ಕಲಾನಿಧಿ ಘೋಷಿಸಿದಾಗ ಹೆಸರಾಂತ ಕಲಾವಿದರು ಕೆಲವರು ಆ ವರ್ಷದ ಉತ್ಸವದಲ್ಲಿ ಹಾಡುವುದಿಲ್ಲವೆಂದು ಹಿಂದೆ ಸರಿದರು. ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಕನ್ನಡದಲ್ಲೂ ಎಲ್ಲರೂ ಒಂದು ಪಕ್ಷ ಹಿಡಿದು ಬರೆದರು. ಆದರೆ ಬರೆದದ್ದೆಲ್ಲ ಚೆನ್ನೈ ಬಗ್ಗೆ. ಆ ಪ್ರಶ್ನೆ ಮೈಲಾಪುರಕ್ಕೆ ಮಾತ್ರ ಸಂಬಂಧಪಟ್ಟದ್ದು, ಕಾವೇರಿ ದಡದಲ್ಲಿ ಅದು ಇಲ್ಲ ಎಂಬ ಹಾಗೆ. ನಮ್ಮ ತಾಲ್ಲೂಕಿನಲ್ಲೇ ಸುತ್ತಾಡಿದರೆ ಅದಕ್ಕೆ ಬೇರೆ ಥರದ ಉತ್ತರಗಳು ಸಿಗುತ್ತವೆ. ಜಗಳಕ್ಕಿಂತ ಅವು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಉದಾಹರಣೆಗೆ ನಾಟಕದ ಮೇಷ್ಟ್ರು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಮೂರೂ ತಾಲ್ಲೂಕುಗಳಲ್ಲಿ ಸುಗ್ಗಿ ಮುಗಿದ ಮೇಲೆ ಒಂದಲ್ಲ ಒಂದು ಊರಿನಲ್ಲಿ ‘ಕುರುಕ್ಷೇತ್ರ’ ಇದ್ದೇ ಇರುತ್ತದೆ. ಆಡುವವರು ರೈತರು, ಟೆಂಪೋ ಡ್ರೈವರ್‌ಗಳು, ಪಂಚಾಯಿತಿ ಮೆಂಬರ್‌ಗಳು. ಪಾತ್ರಕ್ಕೆ ದುಡ್ಡು ಕಟ್ಟಬೇಕು. ದುರ್ಯೋಧನ, ಕೃಷ್ಣನ ಪಾತ್ರಗಳು ದುಬಾರಿ. ಸೀನರಿ ಬಾಡಿಗೆಗೆ, ಸ್ತ್ರೀ ಪಾತ್ರಗಳಿಗೆ ಪೇಟೆಯಿಂದ ಕಲಾವಿದೆಯರು. ಎರಡು ಮೂರು ತಿಂಗಳು ರಾತ್ರಿ ಎಂಟರ ಮೇಲೆ ದೇವಸ್ಥಾನದ ಜಗಲಿಯಲ್ಲೋ ಸ್ಕೂಲಿನ ವರಾಂಡದಲ್ಲೋ ಅಭ್ಯಾಸ. ಅಲ್ಲಿ ಹಾರ್ಮೋನಿಯಂ ಮುಂದೆ ಕೂತವರೇ ಮೇಷ್ಟ್ರು. ಅವರು ಕಂದ ಹೇಳಿಕೊಡಬೇಕು, ವೃತ್ತ ಹೇಳಿಕೊಡಬೇಕು, ರಂಗಗೀತೆ ಹೇಳಿಕೊಡಬೇಕು, ಶ್ರುತಿ ಎಂದರೇನೆಂದೇ ತಿಳಿಯದ ಗಂಟಲನ್ನು ಬಿಳಿ ಎರಡಕ್ಕೋ ಕಪ್ಪು ಮೂರಕ್ಕೋ ತಂದು ಕೂರಿಸಬೇಕು.

ನಮ್ಮ ದೊಡ್ಡಪ್ಪ ಎರಡು ಸಲ ಕರ್ಣನ ಪಾರ್ಟು ಮಾಡಿದವರು. ಶುಂಠಿ ಹೊಲದಲ್ಲಿ ನೀರು ತಿರುವುತ್ತ ಇವತ್ತಿಗೂ ಅವರು ಹಾಡುವುದು ಶುದ್ಧ ಕಾಪಿ. ಅದು ಕಾಪಿ ಎಂದು ಅವರಿಗೆ ಗೊತ್ತಿಲ್ಲ. ಅವರ ಪಾಲಿಗೆ ಅದು ‘ಕುಂತಿ ಬರ್ತಾಳಲ್ಲ, ಆ ಮಟ್ಟು’. ಸಂಗೀತ ಪತ್ರಿಕೆ ಓದುವವರಿಗೆ ಈ ಇಡೀ ಲೋಕ ಜನಪದ ಎಂಬ ಒಂದು ಪದದಲ್ಲಿ ಮುಗಿದುಹೋಗುತ್ತದೆ. ಆದರೆ ಇದು ಜನಪದವಲ್ಲ. ಕಲ್ಯಾಣಿ, ಮೋಹನ, ಭೀಮ್‌ಪಲಾಸ್, ಸಿಂಧುಭೈರವಿ ಇವೆಲ್ಲ ಕಂಪನಿ ನಾಟಕಗಳಿಂದ ಇಳಿದು ಹಳ್ಳಿಯ ಮೇಷ್ಟ್ರ ಕೈಗೆ ಬಂದ ರಾಗಗಳು. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂಗೆ ಬಾಗಿಲು ಹಾಕಿತು. ಮತ್ತೆ ಅರೆಬರೆ ತೆರೆದದ್ದು 1971ರಲ್ಲಿ. ಆ ಮೂವತ್ತು ವರ್ಷವೂ ನಮ್ಮ ಊರುಗಳಲ್ಲಿ ರಾಗ ಕಲಿಸಿದ್ದು ಅದೇ ಹಾರ್ಮೋನಿಯಂ. ರುದ್ರಪಟ್ಟಣದ ವಿದ್ವಾಂಸರ ಸಂಗೀತವೂ ಈ ಮೇಷ್ಟ್ರ ಸಂಗೀತವೂ ಹತ್ತಿಪ್ಪತ್ತು ಕಿಲೋಮೀಟರ್ ಅಂತರದಲ್ಲಿ ನೂರು ವರ್ಷ ಬದುಕಿವೆ. ಒಂದರ ಕಿವಿಗೆ ಇನ್ನೊಂದು ಬಿದ್ದಿರಲೇಬೇಕು. ಯಾರು ಯಾರಿಂದ ಏನು ತೆಗೆದುಕೊಂಡರು? ಇಂಥದ್ದೊಂದು ಲೇಖನಕ್ಕೆ ನಾನು ಚಂದಾ ಹಣ ಎರಡು ಪಟ್ಟು ಕೊಡಲು ತಯಾರು.

ವಾಲಗದವರದ್ದು ಇನ್ನೂ ಹತ್ತಿರದ ಕಥೆ. ಮದುವೆಯಲ್ಲಿ, ರಥೋತ್ಸವದಲ್ಲಿ ನಾಗಸ್ವರ, ಡೋಲು ನುಡಿಸುವ ಸವಿತಾ ಸಮಾಜದ ಮನೆತನಗಳು ನಮ್ಮ ಹೋಬಳಿಗಳಲ್ಲಿ ಇನ್ನೂ ಇವೆ. ಅವರು ನುಡಿಸುವುದು ಅದೇ ತ್ಯಾಗರಾಜರ ಕೃತಿ, ಅದೇ ರಾಗ. ವ್ಯತ್ಯಾಸ ಇಷ್ಟೇ: ಗಾಯಕರ ಮುಂದೆ ಜನ ಸುಮ್ಮನೆ ಕೂರುತ್ತಾರೆ, ವಾಲಗದವರ ಮುಂದೆ ಊಟಕ್ಕೆ ಏಳುತ್ತಾರೆ. ಪುರೋಹಿತರು ಕೈ ಎತ್ತಿದರೆ ಆಲಾಪನೆಯನ್ನು ಎಲ್ಲಿದ್ದರಲ್ಲಿ ಬಿಟ್ಟು ಗಟ್ಟಿಮೇಳಕ್ಕೆ ಹೋಗಬೇಕು. ಮೂವತ್ತು ವರ್ಷ ಹೀಗೆ ಮಧ್ಯದಲ್ಲಿ ಕತ್ತರಿಸಿಕೊಂಡ ಆಲಾಪನೆಗಳ ಬಗ್ಗೆ ಒಬ್ಬ ನಾಗಸ್ವರ ವಿದ್ವಾಂಸನನ್ನು ಮಾತಾಡಿಸಿ ನೋಡಿ. ತಮಗೆ ಆಸಕ್ತಿ ಹುಟ್ಟಿದ್ದು ಹೇಗೆ ಎಂಬ ಪ್ರಶ್ನೆ ಮಾತ್ರ ಬೇಡ. ಅವರ ಮಗ ಈಗ ಏನು ಮಾಡುತ್ತಿದ್ದಾನೆ ಎಂದು ಕೇಳಿ. ಬ್ಯಾಂಡ್‌ಸೆಟ್ಟು, ಡಿಜೆ ಬಂದ ಮೇಲೆ ಲಗ್ನದ ತಿಂಗಳಲ್ಲೂ ಎಷ್ಟು ದಿನ ಖಾಲಿ ಕೂರುತ್ತಾರೆ ಎಂದು ಕೇಳಿ.

ದುಡ್ಡಿನ ವಿಷಯವನ್ನು ಸಂಗೀತ ಪತ್ರಿಕೆಗಳು ಮುಟ್ಟುವುದೇ ಇಲ್ಲ. ಕಲೆಯನ್ನು ದುಡ್ಡಿನಲ್ಲಿ ಅಳೆಯಬಾರದು ಎನ್ನುತ್ತಾರೆ. ಹೀಗೆ ಹೇಳುವವರು ಸಾಮಾನ್ಯವಾಗಿ ಪಕ್ಕವಾದ್ಯದವರಲ್ಲ. ಮುಖ್ಯ ಗಾಯಕರಿಗೆ ಎಷ್ಟು, ಪಿಟೀಲಿಗೆ ಎಷ್ಟು, ಘಟದವರಿಗೆ ಎಷ್ಟು, ಅದರಲ್ಲಿ ಬಸ್ಸಿಗೆಷ್ಟು ಹೋಯಿತು. ಒಂದೇ ಒಂದು ಸಂಚಿಕೆಯಲ್ಲಿ, ಬೇಕಾದರೆ ಹೆಸರು ಬಿಟ್ಟು, ಹತ್ತು ಜನರನ್ನು ಕೇಳಿ ಅಚ್ಚು ಹಾಕಲಿ. ಹೊಗೆಸೊಪ್ಪಿನ ದರ ಪ್ರತಿದಿನ ಅಚ್ಚಾಗುವುದರಿಂದ ಹೊಗೆಸೊಪ್ಪಿನ ಮರ್ಯಾದೆಯೇನೂ ಹೋಗಿಲ್ಲ. ರೈತನಿಗೆ ತಾನು ಮೋಸ ಹೋದೆನೋ ಇಲ್ಲವೋ ಎಂದು ತಿಳಿಯುತ್ತದೆ.

ಇನ್ನು ಉತ್ಸವ. ಹೊರಟುಹೋದ ಸಂಗೀತವನ್ನು ಊರಿಗೆ ವಾಪಸು ಕರೆತರಬೇಕು ಎಂದು ಹಟ ಹಿಡಿದವರು ಆರ್.ಕೆ. ಪದ್ಮನಾಭ. ಬೆಂಗಳೂರಿನಲ್ಲಿ ಹೆಸರು, ಶಿಷ್ಯಬಳಗ ಎಲ್ಲ ಇದ್ದೂ ಹುಟ್ಟಿದ ಊರಿನಲ್ಲಿ ಮಂದಿರ ಕಟ್ಟಿಸಿ, ರುದ್ರಪಟ್ಟಣ ಸಂಗೀತೋತ್ಸವವನ್ನು ನಿಲ್ಲಿಸಿದರು. ಆ ಮಂದಿರದಲ್ಲಿ ಪುರಂದರ, ವಾದಿರಾಜರ ಜೊತೆ ಕನಕದಾಸರೂ ಇದ್ದಾರೆ ಎಂಬುದನ್ನು ಗಮನಿಸಿ. ದೊಡ್ಡ ದೊಡ್ಡ ಕಲಾವಿದರು ಈ ಊರಿಗೆ ಬಂದು ಹಾಡುವುದು ಆ ಹಟದಿಂದ. ನಗರದಲ್ಲಿ ಟಿಕೆಟ್ ತೆಗೆದುಕೊಂಡು ಕೇಳಬೇಕಾದವರನ್ನು ಪಕ್ಕದೂರಿನ ಅಜ್ಜಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೇಳಬಹುದು. ಇದನ್ನು ಸಣ್ಣದು ಮಾಡಿ ಹೇಳುವವರ ಜೊತೆ ನನಗೆ ಜಗಳವಿದೆ.

ನನ್ನ ತಕರಾರು ವರದಿಯ ಬಗ್ಗೆ. ಉತ್ಸವ ಮುಗಿದ ಮೇಲೆ ಬರುವ ವರದಿಯಲ್ಲಿ ವೇದಿಕೆಯ ಮೇಲೆ ಯಾರು ಏನು ಹಾಡಿದರು ಎಂಬುದಿರುತ್ತದೆ, ಕೆಳಗೆ ಯಾರು ಕೂತಿದ್ದರು ಎಂಬುದಿರುವುದಿಲ್ಲ. ಬೆಂಗಳೂರು, ಮೈಸೂರಿನಿಂದ ಕಾರು ಮಾಡಿಕೊಂಡು ಬಂದವರೆಷ್ಟು, ಊರಿನ ಎಲ್ಲ ಬೀದಿಗಳಿಂದ ಬಂದವರೆಷ್ಟು? ಬಂದವರಲ್ಲಿ ಯಾರಾದರೂ ಮಗಳನ್ನು ಪಾಠಕ್ಕೆ ಹಾಕಬೇಕೆಂದು ಕೇಳಿದರೇ? ಹಾಕಬೇಕೆಂದರೆ ಎಲ್ಲಿಗೆ? ಈ ಕೊನೆಯ ಪ್ರಶ್ನೆಯ ಉತ್ತರದಲ್ಲಿ ಉಳಿದೆಲ್ಲವೂ ಇದೆ. ಒಂದು ಹಳ್ಳಿಯ ಹುಡುಗಿ ಜೂನಿಯರ್ ಪರೀಕ್ಷೆ ಕಟ್ಟಬೇಕೆಂದರೆ ಮೇಷ್ಟ್ರು ಬೇಕು, ಸೀನಿಯರ್‌ಗೆ ಇನ್ನೂ ಒಳ್ಳೆಯ ಮೇಷ್ಟ್ರು ಬೇಕು, ವಿದ್ವತ್ತಿಗೆ ಊರು ಬಿಡಬೇಕು. ಸರ್ಕಾರಿ ಹೈಸ್ಕೂಲುಗಳಲ್ಲಿ ಸಂಗೀತ ಶಿಕ್ಷಕರು ನಿವೃತ್ತರಾದರೆ ಆ ಕುರ್ಚಿ ಖಾಲಿಯೇ ಉಳಿಯುವುದನ್ನು ನಾವೆಲ್ಲ ನೋಡಿದ್ದೇವೆ. ಹದಿನೈದು ವರ್ಷ ಕಲಿತವರು ಫೋನ್ ಮುಂದೆ ಕೂತು ನ್ಯೂಜೆರ್ಸಿಯ ಮಗುವಿಗೆ ಪಾಠ ಹೇಳುತ್ತಾರೆ. ತಪ್ಪಲ್ಲ, ಅವರ ಹೊಟ್ಟೆ ತುಂಬಬೇಕು. ಆದರೆ ಅದೇ ಫೋನಿನಲ್ಲಿ ಕೊಣನೂರಿನ ಮಗುವಿಗೂ ಪಾಠ ಹೇಳಬಹುದು, ಸಿಗ್ನಲ್ ಸಿಕ್ಕರೆ. ಮಂಡ್ಯದಲ್ಲೋ ಶಿವಮೊಗ್ಗದಲ್ಲೋ ಹೀಗೆ ಹಳ್ಳಿ ಮಕ್ಕಳಿಗೆ ಕಲಿಸುತ್ತಿರುವ ಮೇಷ್ಟ್ರುಗಳನ್ನು ಹುಡುಕಿ, ಅವರು ಶುಲ್ಕ ಎಷ್ಟು ತೆಗೆದುಕೊಳ್ಳುತ್ತಾರೆ, ಮಕ್ಕಳು ಎಷ್ಟನೇ ವರ್ಷಕ್ಕೆ ಬಿಡುತ್ತಾರೆ, ಯಾಕೆ ಬಿಡುತ್ತಾರೆ ಎಂದು ಬರೆದರೆ ಸಂಪಾದಕೀಯದ ಆ ಹಳೆಯ ವ್ಯಥೆಗೆ ಉತ್ತರ ಅದೇ ಸಂಚಿಕೆಯ ಒಳಗೆ ಸಿಗುತ್ತದೆ.

ಹೋಲಿಕೆಗೆ ಶಿವಮೊಗ್ಗದ ಹೊಸಹಳ್ಳಿಯನ್ನು ನೋಡಬಹುದು. ಅದೂ ಸಂಕೇತಿಗಳ ಊರು, ತುಂಗಾ ದಡದ್ದು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರು ಊರಿನಲ್ಲೇ ಇದ್ದುಕೊಂಡು ಕಲಿಸಿದರು; 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಗಮಕಕ್ಕೆ ನಗರದಲ್ಲಿ ದೊಡ್ಡ ಮಾರುಕಟ್ಟೆ ಇಲ್ಲದಿದ್ದದ್ದೇ ಅದು ಊರಿನಲ್ಲಿ ಉಳಿಯಲು ಒಂದು ಕಾರಣವಿರಬಹುದೇ ಎಂದು ನನಗೊಂದು ಗುಮಾನಿ. ರುದ್ರಪಟ್ಟಣದ ಸಂಗೀತ ಚೆನ್ನಾಗಿ ಮಾರಾಟವಾಯಿತು, ಹಾಗಾಗಿ ಹೊರಟುಹೋಯಿತು. ಇದನ್ನು ಒಪ್ಪದವರು ಉತ್ತರ ಬರೆಯಲಿ, ಚರ್ಚೆಯಾಗಲಿ.

ಸಂಗೀತದ ಬಗ್ಗೆ ಬರೆಯುವುದರಲ್ಲಿ ನಮ್ಮ ಜಿಲ್ಲೆ ಹಿಂದೆ ಬಿದ್ದದ್ದೇನಲ್ಲ. ಅರಕಲಗೂಡನ್ನು ಹೆಸರಿನಲ್ಲೇ ಹೊತ್ತ ಅ.ನ. ಕೃಷ್ಣರಾಯರು ‘ಸಂಧ್ಯಾರಾಗ’ ಬರೆದರು. 1966ರಲ್ಲಿ ಅದು ಸಿನಿಮಾ ಆದಾಗ ರಾಜ್‌ಕುಮಾರ್ ನಟಿಸಿದರು, ಭೀಮಸೇನ ಜೋಶಿ ಹಾಡಿದರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪ ‘ಮಂದ್ರ’ ಬರೆದರು. ದೊಡ್ಡ ಗಾಯಕ ಕೆಟ್ಟ ಮನುಷ್ಯನಾಗಿರಬಹುದು ಎಂದು ಅಷ್ಟು ಉದ್ದಕ್ಕೆ, ಅಷ್ಟು ನಿಷ್ಠುರವಾಗಿ ಹೇಳುವ ಧೈರ್ಯ ಅಲ್ಲಿದೆ. ಕಾದಂಬರಿಕಾರರಿಗೆ ಸಾಧ್ಯವಾದದ್ದು ಪತ್ರಿಕೆಗೆ ಯಾಕೆ ಸಾಧ್ಯವಾಗಬಾರದು? ಒಂದು ಕಛೇರಿ ಚೆನ್ನಾಗಿರಲಿಲ್ಲ ಎಂದಾದರೂ ವರ್ಷಕ್ಕೊಮ್ಮೆ ಬರೆಯಬಾರದೇ?

ಸಂಪಾದಕರು ಕೇಳಬಹುದು, ಇದನ್ನೆಲ್ಲ ಬರೆಯುವವರು ಯಾರು, ನಮ್ಮ ಹತ್ತಿರ ವರದಿಗಾರರಿಲ್ಲವಲ್ಲ ಎಂದು. ನ್ಯಾಯವಾದ ಪ್ರಶ್ನೆ. ಪತ್ರಿಕೋದ್ಯಮ ಓದಿ ಹಾಸನ, ಅರಕಲಗೂಡು, ಹೊಳೆನರಸೀಪುರದಲ್ಲಿ ಬಿಡಿ ವರದಿಗಾರರಾಗಿ ದುಡಿಯುತ್ತಿರುವ ನಮ್ಮಂಥವರು ಹತ್ತು ಹದಿನೈದು ಜನರಿದ್ದೇವೆ. ನಮ್ಮಲ್ಲಿ ಒಬ್ಬಳು ಸೀನಿಯರ್ ಮುಗಿಸಿದ್ದಾಳೆ, ಅವಳಿಗೆ ರಾಗ ಗೊತ್ತಾಗುತ್ತದೆ. ಇನ್ನೊಬ್ಬ ತಾಲ್ಲೂಕು ಕಚೇರಿಯ ಎಲ್ಲ ಕಪಾಟುಗಳನ್ನೂ ಬಲ್ಲ. ನಾಟಕದ ಅಭ್ಯಾಸ ಎಲ್ಲೆಲ್ಲಿ ನಡೆಯುತ್ತದೆ ಎಂಬುದು ನನಗೆ ದೊಡ್ಡಪ್ಪನಿಂದ ತಿಳಿಯುತ್ತದೆ. ರಾತ್ರಿ ಹನ್ನೊಂದರವರೆಗೆ ಇರುತ್ತಾರೆ, ಕಾಫಿಯನ್ನೂ ಕೊಡುತ್ತಾರೆ. ವಿಶೇಷಾಂಕಕ್ಕೆ ಇನ್ನೂ ಸಮಯವಿದ್ದರೆ ಮೂರು ಲೇಖನ, ಜೊತೆಗೆ ಧ್ಯಾನಮಂದಿರ ಇಲ್ಲದ ಹತ್ತು ಫೋಟೋ ಕಳಿಸುತ್ತೇವೆ. ಸಂಭಾವನೆ ಎಷ್ಟು ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡಿ.